ದಡದಲ್ಲಿ ಚಾಪೆ ಕಾದವನು

"ಗುರುಗಳೇ, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಕಡಲತೀರಕ್ಕೆ ಹೋದರೆ ಆ ದಿನ ಸಂತೋಷವಾಗಿ ಕಳೆಯಲು ಏನೇನು ಬೇಕು?"

ಕೇಳಿದವನು ನಾಗಪ್ಪಯ್ಯ, ಸಂಸಾರಸ್ಥ ಶಿಷ್ಯ. ಹಿಂದಿನ ದಿನವಷ್ಟೇ ಹೆಂಡತಿ ಮಕ್ಕಳನ್ನು ಕಡಲಿಗೆ ಕರೆದೊಯ್ದು ಬಂದಿದ್ದ. ಬುತ್ತಿಗೆ ಕೊರತೆಯಿರಲಿಲ್ಲ, ನೆರಳಿಗೂ ಕೊರತೆಯಿರಲಿಲ್ಲ. ಮನೆಗೆ ಬಂದ ಮೇಲೂ ಮಕ್ಕಳ ನಗು ನಿಂತಿರಲಿಲ್ಲ. ಅವನಿಗೆ ಮಾತ್ರ ಮೈಕೈ ನೋವು ಬಿಟ್ಟರೆ ಬೇರೇನೂ ದಕ್ಕಿರಲಿಲ್ಲ. ಇನ್ನೇನನ್ನು ಹೊತ್ತೊಯ್ಯಬೇಕಿತ್ತು ಎಂಬುದೇ ಅವನ ಚಿಂತೆ.

ಗುರುಗಳು ಅವನಿಗೊಂದು ಕತೆ ಹೇಳಿದರು.

ಕರಾವಳಿಯ ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಪಳಗಿದ ಮನುಷ್ಯ. ಸೀರೆ ಬಿಚ್ಚಿ ಹರಡಿದ ಮೇಲೆ ಅವನು ಸೀರೆಯತ್ತ ನೋಡುತ್ತಿರಲಿಲ್ಲ, ಗಿರಾಕಿಯ ಮುಖ ನೋಡುತ್ತಿದ್ದ. ಹುಬ್ಬು ಚೂರು ಗಂಟಾದರೆ ಸಾಕು, ಅದನ್ನು ಸರಿಸಿ ಇನ್ನೊಂದು ಬಿಚ್ಚುತ್ತಿದ್ದ. ಅವನ ಅಂಗಡಿಯಿಂದ ಬರಿಗೈಯಲ್ಲಿ ಹೋದವರು ಕಡಿಮೆ.

ಅವನಿಗೆ ಗಂಡುಮಕ್ಕಳ ನಡುವೆ ಒಬ್ಬಳೇ ಮಗಳು. ಘಟ್ಟದ ಮೇಲಿನ ಊರಿಗೆ ಅವಳ ಮದುವೆ ನಿಶ್ಚಯವಾಗಿತ್ತು. ಅಲ್ಲಿ ಕಡಲಿಲ್ಲ. ಹೊರಡುವ ಮುನ್ನ ಎಲ್ಲರೂ ಸೇರಿ ಒಂದು ದಿನ ಕಡಲಿಗೆ ಹೋಗೋಣ ಎಂದು ಅವಳು ಕೇಳಿಕೊಂಡಳು. ವ್ಯಾಪಾರಿಗೆ ಮಗಳೆಂದರೆ ಪ್ರಾಣ. ಜೀವ ಇರುವತನಕ ಅವಳು ಮರೆಯದಂಥ ದಿನವೊಂದನ್ನು ಕೊಟ್ಟೇ ಕಳುಹಿಸುತ್ತೇನೆ ಎಂದು ಪಣ ತೊಟ್ಟ. ಅದು ತನ್ನ ಕೈಲಾಗದ್ದೇನಲ್ಲ ಎಂಬ ಧೈರ್ಯ ಅವನಿಗೆ ಬೇಕಾದಷ್ಟಿತ್ತು.

ಗಾಡಿ ಕಟ್ಟಿಸಿದ. ಹೆಂಡತಿ, ಮಕ್ಕಳು, ಮುದಿ ತಾಯಿ ಎಲ್ಲರನ್ನೂ ಹತ್ತಿಸಿಕೊಂಡು ಊರಾಚೆಯ ತೀರಕ್ಕೆ ಹೋದ. ಚಾಪೆ ಹಾಸಿ ಕೂರಿಸಿ ಮಗಳ ಮುಖ ನೋಡಿದ. ಗಾಳಿಗೆ ಅವಳು ಕಣ್ಣು ಕಿರಿದು ಮಾಡಿದ್ದಳು. ಜಾಗ ಹಿಡಿಸಲಿಲ್ಲವೆಂದು ತಾನೇ ತೀರ್ಮಾನಿಸಿ ಎಲ್ಲರನ್ನೂ ಎಬ್ಬಿಸಿ ಚಾಪೆ ಸುತ್ತಿದ. ಮುಂದಿನ ಜಾಗದಲ್ಲಿ ಬಿಸಿಲು ಜಾಸ್ತಿ ಎನಿಸಿತು. ಮತ್ತೆ ಎಬ್ಬಿಸಿದ. ಅದರ ಮುಂದಿನದರಲ್ಲಿ ಒಣಮೀನಿನ ವಾಸನೆ. ಅಲ್ಲಿಂದಲೂ ಏಳಿ ಎಂದಾಗ ಅವನ ತಾಯಿ ಕಾಲು ಚಾಚಿ ಕುಳಿತುಬಿಟ್ಟಳು.

"ನಾನಿನ್ನು ಏಳೂದಿಲ್ಲ ಮಾರಾಯ. ಬೇಕಾದ್ರೆ ನಿನ್ನ ಸಮುದ್ರವನ್ನೇ ಆಚೆ ಸರಿಸು."

ಎಲ್ಲರೂ ಗೊಳ್ಳೆಂದು ನಕ್ಕರು. ನಗುತ್ತಲೇ ಎದ್ದು ನೀರಿಗೆ ಓಡಿದರು. ಹೆಂಡತಿ ಸೀರೆ ಎತ್ತಿ ಕಟ್ಟಿಕೊಂಡು ಮಕ್ಕಳ ಸಮಕ್ಕೆ ಕುಣಿದಳು. ಏಳುವುದಿಲ್ಲ ಎಂದಿದ್ದ ಮುದುಕಿಯೂ ಎದ್ದು ಹೋಗಿ ಅಲೆಯ ಅಂಚಿನಲ್ಲಿ ಕುಳಿತಳು. ಅಲೆಯೊಂದು ಬಂದು ಅವಳನ್ನು ಉರುಳಿಸಿತು. ಮಗಳು ಎತ್ತಲು ಹೋಗಿ ತಾನೂ ಬಿದ್ದಳು. ಅಜ್ಜಿ ಮೊಮ್ಮಗಳು ಇಬ್ಬರೂ ಮರಳಿನಲ್ಲಿ ಬಿದ್ದುಕೊಂಡೇ ಹೊಟ್ಟೆ ಹಿಡಿದು ನಕ್ಕರು.

ವ್ಯಾಪಾರಿ ಮಾತ್ರ ದಡದಲ್ಲೇ ಉಳಿದ. ಬುತ್ತಿಯ ಅವಲಕ್ಕಿಗೆ ಎರಗಿದ ಕಾಗೆಯನ್ನು ಓಡಿಸಿದ. ಚಾಪೆಯ ಮರಳು ಕೊಡವಿದ. ಚಪ್ಪಲಿಗಳನ್ನು ಜೋಡಿಸಿಟ್ಟ. ನಡುನಡುವೆ ತಲೆಯೆತ್ತಿ ಮಗಳ ಮುಖ ನೋಡಿದ. ಅಲ್ಲಿ ನಗುವಿತ್ತು. ವ್ಯಾಪಾರ ಕುದುರಿತು ಎಂದುಕೊಂಡ.

ಸಂಜೆಯಾಗುತ್ತ ಬಂದಾಗ ಮಗಳು ನೀರು ತೊಟ್ಟಿಕ್ಕುತ್ತ ಬಂದು ಅವನ ಕೈ ಹಿಡಿದಳು.

"ಅಪ್ಪಯ್ಯ, ನೀವೂ ಬನ್ನಿ. ಒಂದೇ ಒಂದು ಅಲೆ, ಸಾಕು."

"ಇದನ್ನೆಲ್ಲ ಯಾರು ನೋಡ್ಕೊಳ್ತಾರೆ ಮಗಳೇ? ನಿಂಗೆ ಖುಷಿಯಾದ್ರೆ ನಂಗೆ ಅಷ್ಟೇ ಸಾಕು. ನೀ ಹೋಗಿ ಆಡು."

ಅವಳು ಸ್ವಲ್ಪ ಹೊತ್ತು ಕೈ ಹಿಡಿದೇ ನಿಂತಿದ್ದಳು. ಆಮೇಲೆ ಬಿಟ್ಟು ಹೋದಳು. ಅವನು ಬುತ್ತಿಯ ಗಂಟು ಕಟ್ಟತೊಡಗಿದ. ಆಡಿದ ಮಾತನ್ನು ಉಳಿಸಿಕೊಂಡೆ ಎಂಬ ಹೆಮ್ಮೆಯಿಂದಲೇ ಮನೆಗೆ ಬಂದ. ಮದುವೆಯಾಯಿತು, ಮಗಳು ಘಟ್ಟ ಹತ್ತಿದಳು.

ಮರುವರ್ಷ ವ್ಯಾಪಾರಿ ಮಗಳ ಮನೆಗೆ ಹೋದ. ಊಟವಾದ ಮೇಲೆ ಜಗಲಿಯಲ್ಲಿ ಅಡ್ಡಾಗಿದ್ದ. ಒಳಗೆ ಮಗಳು ತನ್ನ ಓರಗಿತ್ತಿಗೆ ಆ ದಿನದ ಕತೆ ಹೇಳುತ್ತಿದ್ದಳು. ಒಂದನ್ನೂ ಮರೆತಿರಲಿಲ್ಲ. ಅಮ್ಮ ಕುಣಿದದ್ದು ಬಂತು. ಅಜ್ಜಿ ಉರುಳಿದ್ದು, ತಾನು ಬಿದ್ದದ್ದು ಬಂತು. ಓರಗಿತ್ತಿ ಬಿದ್ದು ಬಿದ್ದು ನಗುತ್ತಿದ್ದಳು. ವ್ಯಾಪಾರಿ ಎದ್ದು ಕುಳಿತ. ಇನ್ನೇನು ತನ್ನ ಸರದಿ ಬರುತ್ತದೆ ಎಂದು ಕಿವಿಯಾನಿಸಿ ಕಾದ. ಕತೆ ಮುಗಿಯಿತು.

ನಿಮ್ಮಪ್ಪ ಬಂದಿರಲಿಲ್ಲವೇ ಎಂದು ಓರಗಿತ್ತಿ ಕೇಳಿದಳು. ಬಂದಿದ್ದರು, ಚಾಪೆಯ ಹತ್ತಿರ ಇದ್ದರು ಎಂದಳು ಮಗಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಇದ್ದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಮಗಳು ಮರೆಯದ ದಿನವೊಂದನ್ನು ಅವನು ಕೊಟ್ಟಿದ್ದ. ಅದರಲ್ಲಿ ಅವನೇ ಇರಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ನಾಗಪ್ಪಯ್ಯ ಕುಳಿತಲ್ಲೇ ಮಿಸುಕಾಡಿದ. ಕೊನೆಗೆ, "ಆದರೂ ಗುರುಗಳೇ, ಚಾಪೆ ಕಾಯಲು ಯಾರಾದರೂ ಒಬ್ಬರು ಬೇಕಲ್ಲವೇ?" ಎಂದ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು:

"ನಿನ್ನೆ ನಿನ್ನನ್ನು ನೀರಿಗೆ ಕರೆದವರು ಯಾರು?"