ಕಾರಿನಲ್ಲಿ ಕಳೆದುಹೋದ ನಿದ್ದೆ

ಹೂಂ ಅನ್ನುತ್ತಾ ಕೇಳಬೇಕು. ನಿಮ್ಮ ಹೂಂ ನಿಂತರೆ ನನ್ನ ಕಥೆಯೂ ನಿಲ್ಲುತ್ತೆ. ಆಯ್ತಾ?

ಆಗ ನಮ್ಮೂರಿಗೆ ಒಂದೇ ಕಾರು. ಹಸಿರು ಕಾರು. ದುಂಡು ಬೆನ್ನಿನ ಕಾರು. ದಸ್ತಗೀರ್ ಸಾಬರ ಬಾಡಿಗೆ ಕಾರು. ಐದು ಜನ ಕೂರುವಲ್ಲಿ ಹತ್ತು ಜನ ಕೂರುತ್ತಿದ್ದರು. ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಹುಂಜ. ಅಂಥಾ ಕಾರು ಈಗ ಎಲ್ಲಿಂದ ತರೋಣ ಹೇಳಿ!

ನಮ್ಮಜ್ಜಿ ತಿಪ್ಪಮ್ಮ ಹೂವು ಮಾರುತ್ತಿದ್ದಳು. ದಿನಾ ಮಧ್ಯಾಹ್ನ ಹೂವಿನ ಬುಟ್ಟಿ ಹಿಡಿದು ಕಾರು ಹತ್ತುತ್ತಿದ್ದಳು. ಪೇಟೆಗೆ ಹೋಗುತ್ತಿದ್ದಳು. ಅವಳ ಮಡಿಲಲ್ಲಿ ಒಂದು ಕೂಸು. ಆ ಕೂಸು ಯಾರು? ನಾನೇ! ನಗಬೇಡಿ. ನಾನೂ ಒಂದು ಕಾಲಕ್ಕೆ ಕೂಸಾಗಿದ್ದೆ.

ಕಾರು ಗುಂಯ್ ಅನ್ನುತ್ತಿತ್ತು. ಕೂಸು ಆಕಳಿಸುತ್ತಿತ್ತು. ಕಾರು ಗುಂಯ್ ಗುಂಯ್ ಅನ್ನುತ್ತಿತ್ತು. ಕೂಸು ಕಣ್ಣು ಮುಚ್ಚುತ್ತಿತ್ತು. ತೊಟ್ಟಿಲಲ್ಲಿ ಬಾರದ ನಿದ್ದೆ, ಜೋಗುಳಕ್ಕೆ ಬಾರದ ನಿದ್ದೆ, ಆ ಕಾರಿನಲ್ಲಿ ಬರುತ್ತಿತ್ತು.

ಒಂದು ಸಲ ಕಾರಿನ ಗೇರು ಕೆಟ್ಟಿತು. ಕಾರಿನ ಹೊಟ್ಟೆಯ ಕೆಳಗೆ ಉದ್ದ ಶಾಫ್ಟು ಇರುತ್ತಲ್ಲ, ಚಕ್ರ ತಿರುಗಿಸುವ ಕಬ್ಬಿಣದ ಕೋಲು, ಅದನ್ನು ಬಿಚ್ಚಿದರು. ಗೇರು ರಿಪೇರಿ ಮಾಡಿದರು. ಅಷ್ಟರಲ್ಲಿ ಹಬ್ಬ ಬಂತು. ಹಬ್ಬ ಮುಗಿದ ಮೇಲೆ ಶಾಫ್ಟು ಮತ್ತೆ ಕೂರಿಸಿದರು. ಕಾರು ಹೊರಟಿತು.

ಆದರೆ ಗುಂಯ್ ಇಲ್ಲ. ಗಡ ಗಡ ಗಡ! ಹೂವಿನ ಬುಟ್ಟಿ ಗಡ ಗಡ. ಹುಂಜ ಗಡ ಗಡ. ಅಜ್ಜಿಯ ಮಡಿಲು ಗಡ ಗಡ. ಕೂಸಿನ ನಿದ್ದೆ ಎಲ್ಲೋ ಕಳೆದೇಹೋಯಿತು!

ಒಂದು ದಿನ ನಿದ್ದೆ ಇಲ್ಲ. ಎರಡು ದಿನ ನಿದ್ದೆ ಇಲ್ಲ. ಮೂರು ದಿನ ನಿದ್ದೆ ಇಲ್ಲ. ಕೂಸು ಹಾಲು ಕುಡಿಯಲಿಲ್ಲ. ಕೂಸು ಸೊರಗಿತು. ಅಜ್ಜಿಗೆ ಭಯವಾಯಿತು. "ನನ್ನ ಕೂಸಿನ ನಿದ್ದೆ ಹುಡುಕೇ ಹುಡುಕ್ತೀನಿ," ಅಂದಳು.

ಅಜ್ಜಿ ಸಾಬರ ಹತ್ತಿರ ಹೋದಳು.

"ಸಾಬಣ್ಣ ಸಾಬಣ್ಣ, ಕೂಸಿಗೆ ನಿದ್ದೆ ಇಲ್ಲ. ಗಡಗಡ ಮಾಡೋದು ನೀನೇನಾ?"

"ನಾನಲ್ಲಮ್ಮ, ನಾನಲ್ಲ. ಸ್ಟೇರಿಂಗ್ ಹಿಡಿದು ನೋಡು, ಕೈ ಅಲ್ಲಾಡಲ್ಲ. ನಡುಗೋದು ಹಿಂದಿನ ಸೀಟು. ಸೀಟನ್ನ ಕೇಳು."

ಅಜ್ಜಿ ಸೀಟಿನ ಹತ್ತಿರ ಹೋದಳು.

"ಸೀಟಮ್ಮ ಸೀಟಮ್ಮ, ಕೂಸಿಗೆ ನಿದ್ದೆ ಇಲ್ಲ. ಸಾಬಣ್ಣ ನಾನಲ್ಲ ಅಂದ. ಗಡಗಡ ಮಾಡೋದು ನೀನೇನಾ?"

"ನಾನಲ್ಲಜ್ಜಿ, ನಾನಲ್ಲ. ಕೆಳಗೆ ಯಾರೋ ಕುಣಿದರೆ ಮೇಲೆ ನಾನು ಕುಣೀತೀನಿ. ಚಕ್ರವನ್ನ ಕೇಳು."

ಅಜ್ಜಿ ಚಕ್ರದ ಹತ್ತಿರ ಹೋದಳು.

"ಚಕ್ರಪ್ಪ ಚಕ್ರಪ್ಪ, ಕೂಸಿಗೆ ನಿದ್ದೆ ಇಲ್ಲ. ಸಾಬಣ್ಣ ನಾನಲ್ಲ ಅಂದ. ಸೀಟು ನಾನಲ್ಲ ಅಂತು. ಗಡಗಡ ಮಾಡೋದು ನೀನೇನಾ?"

ಸಾಬರು ಗಾಳಿ ನೋಡಿದರು. ಗಾಳಿ ತುಂಬಿತ್ತು. ನಟ್ಟು ನೋಡಿದರು. ನಟ್ಟು ಬಿಗಿಯಾಗಿತ್ತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಚಕ್ರ ಅಲ್ಲಾಡಲಿಲ್ಲ.

"ನೋಡಿದ್ರಾ? ನಾನಲ್ಲಜ್ಜಿ, ನಾನಲ್ಲ," ಅಂತು ಚಕ್ರ. "ದಿನವಿಡೀ ಕೂಗಾಡೋ ಎಂಜಿನನ್ನ ಕೇಳು."

ಅಜ್ಜಿ ಎಂಜಿನ್ ಹತ್ತಿರ ಹೋದಳು.

"ಎಂಜಿನಪ್ಪ ಎಂಜಿನಪ್ಪ, ಕೂಸಿಗೆ ನಿದ್ದೆ ಇಲ್ಲ. ಸಾಬಣ್ಣ ನಾನಲ್ಲ ಅಂದ. ಸೀಟು ನಾನಲ್ಲ ಅಂತು. ಚಕ್ರ ನಾನಲ್ಲ ಅಂತು. ಗಡಗಡ ಮಾಡೋದು ನೀನೇನಾ?"

ಎಂಜಿನಿಗೆ ಸಿಟ್ಟು ಬಂತು. "ನಾನಾ? ದಿಬ್ಬದ ಇಳಿಜಾರಿಗೆ ಹೋಗಿ. ನನ್ನ ಬಂದ್ ಮಾಡಿ. ಆಮೇಲೆ ಮಾತಾಡಿ!"

ದಿಬ್ಬ ಹತ್ತಿದರು. ಇಳಿಜಾರಿನಲ್ಲಿ ಕಾರು ಬಿಟ್ಟರು. ಎಂಜಿನ್ ಬಂದ್ ಮಾಡಿದರು. ಎಂಜಿನ್ ಗಪ್‌ಚಿಪ್. ಆದರೂ ಕಾರು ಗಡ ಗಡ ಗಡ!

"ಕೇಳಿಸ್ತಾ? ನಾನಲ್ಲಜ್ಜಿ, ನಾನಲ್ಲ. ಆ ಶಾಫ್ಟನ್ನ ಕೇಳು."

ಅಜ್ಜಿ ಬಗ್ಗಿದಳು. ಮೊಣಕಾಲು ಲಟಕ್ ಅಂತು. ಕಾರಿನ ಕೆಳಗೆ ಇಣುಕಿದಳು.

"ಶಾಫ್ಟಪ್ಪ ಶಾಫ್ಟಪ್ಪ, ಕೂಸಿಗೆ ನಿದ್ದೆ ಇಲ್ಲ. ಸಾಬಣ್ಣ ನಾನಲ್ಲ ಅಂದ. ಸೀಟು ನಾನಲ್ಲ ಅಂತು. ಚಕ್ರ ನಾನಲ್ಲ ಅಂತು. ಎಂಜಿನ್ ನಾನಲ್ಲ ಅಂತು. ಗಡಗಡ ಮಾಡೋದು ನೀನೇನಾ?"

ಶಾಫ್ಟಿಗೆ ನಾಚಿಕೆ. "ಗಡಗಡ ನನ್ನದೇ ಅಜ್ಜಿ. ತಪ್ಪು ನನ್ನದಲ್ಲ. ಮೊದಲು ಕೂತ ಹಾಗೆ ನನ್ನ ಕೂರಿಸಿಲ್ಲ. ನನ್ನ ಹಿಡಿದಿರೋ ಬೋಲ್ಟುಗಳನ್ನ ಕೇಳು."

"ಬೋಲ್ಟುಗಳಾ ಬೋಲ್ಟುಗಳಾ, ಕೂಸಿಗೆ ನಿದ್ದೆ ಇಲ್ಲ. ಸಾಬಣ್ಣ ನಾನಲ್ಲ ಅಂದ. ಸೀಟು ನಾನಲ್ಲ ಅಂತು. ಚಕ್ರ ನಾನಲ್ಲ ಅಂತು. ಎಂಜಿನ್ ನಾನಲ್ಲ ಅಂತು. ಶಾಫ್ಟು ತಪ್ಪು ನನ್ನದಲ್ಲ ಅಂತು. ತಪ್ಪು ನಿಮ್ಮದೇನಾ?"

ನಾಲ್ಕು ಬೋಲ್ಟೂ ಒಟ್ಟಿಗೆ ಕೂಗಿದವು: "ನಾವಲ್ಲ, ನಾವಲ್ಲ, ನಾವಲ್ಲ, ನಾವಲ್ಲ! ಬಿಗಿದ ಕಡೆ ನಾವಿರ್ತೀವಿ. ಬಿಗಿದ ಆಚಾರಿಯನ್ನ ಕೇಳು."

ಆಚಾರಿ ಅಂದರೆ ಮೌನೇಶಾಚಾರಿ. ಕಾರು ರಿಪೇರಿ ಮಿಸ್ತ್ರಿ. ಹುಣಸೆ ಮರದ ಕೆಳಗೆ ಅವನ ಶೆಡ್ಡು. ಕಾರು ಗಡಗಡ ಅನ್ನುತ್ತಾ ಅಲ್ಲಿಗೆ ಹೋಯಿತು.

"ಆಚಾರಪ್ಪ ಆಚಾರಪ್ಪ, ಕೂಸಿಗೆ ನಿದ್ದೆ ಇಲ್ಲ. ಸಾಬಣ್ಣ ನಾನಲ್ಲ ಅಂದ. ಸೀಟು ನಾನಲ್ಲ ಅಂತು. ಚಕ್ರ ನಾನಲ್ಲ ಅಂತು. ಎಂಜಿನ್ ನಾನಲ್ಲ ಅಂತು. ಶಾಫ್ಟು ತಪ್ಪು ನನ್ನದಲ್ಲ ಅಂತು. ಬೋಲ್ಟು ನಾವಲ್ಲ ಅಂದವು. ತಪ್ಪು ನಿನ್ನದೇನಾ?"

"ನಂದಲ್ಲ ತಾಯಿ! ಬಿಚ್ಚೋ ಮುಂಚೆ ನಾನು ಗುರುತು ಹಾಕ್ತೀನಿ. ಎಲೆಅಡಿಕೆ ಡಬ್ಬಿ ಸುಣ್ಣದಲ್ಲಿ. ಶಾಫ್ಟಿಗೊಂದು ಬೊಟ್ಟು. ಅದು ಕೂರೋ ಜಾಗಕ್ಕೊಂದು ಬೊಟ್ಟು. ಬೊಟ್ಟಿಗೆ ಬೊಟ್ಟು ಸೇರಿಸಿ ಬಿಗೀತೀನಿ. ನಮ್ಮಪ್ಪ ಕಲಿಸಿದ್ದು. ತಪ್ಪೋ ಮಾತೇ ಇಲ್ಲ."

ಹೀಗಂದು ಕಾರಿನ ಕೆಳಗೆ ತೂರಿದ. ಹೊರಗೆ ಬಂದಾಗ ಹರಳೆಣ್ಣೆ ಕುಡಿದ ಮುಖ!

"ಶಾಫ್ಟಿಗೆ ನಾನಿಟ್ಟದ್ದು ಒಂದು ಬೊಟ್ಟು. ಇಲ್ಲಿ ಸುತ್ತ ನಾಲ್ಕು ಇವೆ! ನಾಲ್ಕೂ ಬೆಳ್ಳಗಿವೆ! ಯಾವುದಕ್ಕೋ ಸೇರಿಸಿ ಬಿಗಿದುಬಿಟ್ಟಿದ್ದೀನಿ. ಶಾಫ್ಟು ಶೆಡ್ಡಿನಲ್ಲಿ ಮಲಗಿದ್ದಾಗ ಆಯುಧಪೂಜೆ ಬಂತಲ್ಲ... ನನ್ನ ಹೆಂಡತಿ ಕಾಳಮ್ಮನ್ನ ಕೇಳು ತಾಯಿ."

ಅಜ್ಜಿ ಕಾಳಮ್ಮನ ಹತ್ತಿರ ಹೋದಳು.

"ಕಾಳವ್ವ ಕಾಳವ್ವ, ಕೂಸಿಗೆ ನಿದ್ದೆ ಇಲ್ಲ. ಸಾಬಣ್ಣ ನಾನಲ್ಲ ಅಂದ. ಸೀಟು ನಾನಲ್ಲ ಅಂತು. ಚಕ್ರ ನಾನಲ್ಲ ಅಂತು. ಎಂಜಿನ್ ನಾನಲ್ಲ ಅಂತು. ಶಾಫ್ಟು ತಪ್ಪು ನನ್ನದಲ್ಲ ಅಂತು. ಬೋಲ್ಟು ನಾವಲ್ಲ ಅಂದವು. ನಿನ್ನ ಗಂಡ ನಂದಲ್ಲ ಅಂದ. ಬೊಟ್ಟು ಇಟ್ಟೋಳು ನೀನೇನಾ?"

"ನಾನೇ!" ಅಂದಳು ಕಾಳಮ್ಮ. "ಸ್ಪ್ಯಾನರಿಗೆ ಮೂರು ಬೊಟ್ಟು. ಜಾಕಿಗೆ ಮೂರು ಬೊಟ್ಟು. ಸುತ್ತಿಗೆಗೆ ಮೂರು ಬೊಟ್ಟು. ಶಾಫ್ಟಿಗೂ ಮೂರು ಬೊಟ್ಟು. ಎಲ್ಲಾ ವಿಭೂತಿ. ಪೂಜೆ ಅಂದಮೇಲೆ ಪೂಜೆ."

"ನಿನ್ನ ಮೂರು ಒರೆಸವ್ವ. ಅವನದು ಒಂದು ಉಳಿಯುತ್ತೆ."

"ಒರೆಸಲ್ಲ! ಪೂಜೆಯ ಬೊಟ್ಟು ಯಾರಾದ್ರೂ ಒರೆಸಿ ಬಿಸಾಕ್ತಾರಾ?"

ಆಚಾರಿ ಬೇಡಿದ. ಒರೆಸಲ್ಲ. ಸಾಬರು ಬೇಡಿದರು. ಒರೆಸಲ್ಲ. ಅಜ್ಜಿ ಬೇಡಲಿಲ್ಲ. ಕೂಸನ್ನು ಕಾಳಮ್ಮನ ಕೈಗಿಟ್ಟಳು. ಅಷ್ಟೇ.

ಕೂಸು ಹಗುರ. ಕೂಸಿನ ಕಣ್ಣು ಕೆಂಪು. ಅತ್ತೂ ಅತ್ತೂ ದನಿಯೇ ಇಲ್ಲ. ಕಾಳಮ್ಮ ಕೂಸನ್ನು ಎದೆಗೆ ಒತ್ತಿಕೊಂಡಳು.

"ಪೂಜೆಯ ಬೊಟ್ಟು ಬಿಸಾಕಬಾರದು. ಆದರೆ ಕೂಸಿಗೆ ಇಡಬಹುದಲ್ಲ!"

ಸೆರಗು ಸಿಕ್ಕಿಸಿದಳು. ತಾನೇ ಕಾರಿನ ಕೆಳಗೆ ತೂರಿದಳು. ತಾನಿಟ್ಟ ಬೊಟ್ಟು ಅವಳಿಗೆ ಗೊತ್ತಿಲ್ವಾ? ಒಂದು ಬೊಟ್ಟು ಬೆರಳಿಗೆ ತೆಗೆದಳು, ಕೂಸಿನ ಹಣೆಗೆ ಇಟ್ಟಳು. ಇನ್ನೊಂದು ತೆಗೆದಳು, ಕೆನ್ನೆಗೆ ಇಟ್ಟಳು. ಮತ್ತೊಂದು ತೆಗೆದಳು, ಅಂಗಾಲಿಗೆ ಇಟ್ಟಳು. ತೆಗೆಯುವಾಗ ಬಿಳಿ ವಿಭೂತಿಗೆ ಗ್ರೀಸು ಸೇರಿ ಕಪ್ಪಾಗಿತ್ತು. ದೃಷ್ಟಿಬೊಟ್ಟು ಆಯಿತು!

ಆಮೇಲೆ ನೋಡಿ!

ಕಾಳಮ್ಮನ ಬೊಟ್ಟು ಕೂಸಿಗೆ ಬಂತು. ಆಚಾರಿಗೆ ಸುಣ್ಣದ ಬೊಟ್ಟು ಕಂಡಿತು. ಬೋಲ್ಟು ಬಿಚ್ಚಿಕೊಂಡವು, ಶಾಫ್ಟು ತಿರುಗಿ ನೆಟ್ಟಗೆ ಕೂತಿತು, ಬೋಲ್ಟು ಬಿಗಿದುಕೊಂಡವು. ಎಂಜಿನ್ ಹಾಡಿತು. ಚಕ್ರ ಉರುಳಿತು. ಸೀಟು ಸುಮ್ಮನಾಯಿತು. ಸಾಬರು ನಕ್ಕರು. ಕಾರು ಗುಂಯ್ ಅಂತು. ಕೂಸು ಆಕಳಿಸಿತು. ಕಾರು ಗುಂಯ್ ಗುಂಯ್ ಅಂತು. ಕೂಸಿನ ನಿದ್ದೆ ಬಂತು!

ಮುಂದಿನದನ್ನು ನನಗೆ ಹೇಳಿದ್ದು ಸಾಬರು. ನಾನು ನಿದ್ದೆಯಲ್ಲಿದ್ದೆನಲ್ಲ, ನನಗೇನು ಗೊತ್ತು? ಈಗ ಸಾಬರಿಲ್ಲ. ಅಜ್ಜಿಯಿಲ್ಲ. ಆ ಕಾರೂ ಇಲ್ಲ. ಆ ಮಡಿಲೂ ಇಲ್ಲ, ಮಕ್ಕಳೇ.

ಪೇಟೆಯಲ್ಲಿ ಜನ ಹತ್ತಿದರಂತೆ. ಊರು ಬಂತಂತೆ. ಸಾಬರು ಹಿಂತಿರುಗಿ ನೋಡಿದರಂತೆ. ಕೂಸು ಮಲಗಿತ್ತು. ಕೂಸನ್ನು ತಬ್ಬಿಕೊಂಡು ಅಜ್ಜಿಯೂ ಮಲಗಿದ್ದಳು. ಮೂರು ದಿನ ಅವಳೂ ಕಣ್ಣು ಮುಚ್ಚಿರಲಿಲ್ಲ, ಪಾಪ. ಸಾಬರು ಕಾರು ನಿಲ್ಲಿಸಲಿಲ್ಲ.

"ನಮ್ಮನೆ ಹಿಂದೆ ಹೋಯ್ತಲ್ಲೋ!" ಅಂದರಂತೆ ಒಬ್ಬರು.

"ಶ್! ನಿಮ್ಮನೆ ಎಲ್ಲಿಗೂ ಓಡಿಹೋಗಲ್ಲ," ಅಂದರಂತೆ ಸಾಬರು.

ಊರಿಗೆ ಮೂರು ಸುತ್ತು ಹಾಕಿದರಂತೆ. ಕಾರಿನ ತುಂಬ ಹತ್ತು ಜನ. ಆಮೇಲೆ ಒಬ್ಬರೂ ಇಳಿಸು ಅನ್ನಲಿಲ್ಲವಂತೆ.