ಬಾತುಕೋಳಿಯ ಗೂಡು ಮತ್ತು ಗೌಡರ ಮಗಳು

ಪೂಜ್ಯ ಅಡಿವೆಮ್ಮತಾಯಿಯವರು ತುಂಗಭದ್ರೆಯ ದಂಡೆಯಲ್ಲಿ ಆಪಿನ ಹುಲ್ಲು ಹೊದಿಸಿದ ಒಂದು ಸಣ್ಣ ಗುಡಿಸಿಲಿನಲ್ಲಿ ವಾಸವಾಗಿದ್ದರು. ಮಠ ಕಟ್ಟಿಸಿಕೊಡುತ್ತೇವೆಂದು ಭಕ್ತರು ಎಷ್ಟೋ ಸಲ ಬೇಡಿಕೊಂಡಿದ್ದುಂಟು. "ಗೋಡಿ ಕಟ್ಟಿದ್ರ ಬಾಗಿಲಾ ಇಡಬೇಕು, ಬಾಗಿಲಾ ಇಟ್ರ ಮುಚ್ಚಬೇಕು. ಯಾಕ ಬೇಕಪಾ?" ಎಂದು ತಾಯಿಯವರು ನಕ್ಕುಬಿಡುತ್ತಿದ್ದರು.

ಆ ವರ್ಷ ಭತ್ತದ ಕೊಯ್ಲಾದ ಮೇಲೆ ಗದ್ದೆಗಳಲ್ಲಿ ಬಾತುಕೋಳಿ ಮೇಯಿಸಲು ಬಂದಿದ್ದವರು, ಮುಂದಿನ ಊರಿಗೆ ಹೊರಡುವಾಗ ಕುಂಟುವ ಒಂದು ಬಾತುಕೋಳಿಯನ್ನೂ, ಅದನ್ನು ಬಿಟ್ಟು ಕದಲದ ಅದರ ಜೊತೆಯ ಗಂಡನ್ನೂ ತಾಯಿಯವರ ಬಳಿ ಬಿಟ್ಟುಹೋದರು. ಕುಂಟ ಬಾತು ಗುಡಿಸಿಲೊಳಗೆ, ಒಲೆಯ ಆಚೆ ಮೂಲೆಯಲ್ಲಿ, ಹುಲ್ಲಿಗೆ ತನ್ನ ಎದೆಯ ಪುಕ್ಕ ಸೇರಿಸಿ ಗೂಡು ಮಾಡಿಕೊಂಡು ಕಾವಿಗೆ ಕೂತಿತು. ಅದಕ್ಕೆ ತೊಂದರೆಯಾಗದಿರಲೆಂದು ತಾಯಿಯವರು ತಮ್ಮ ಅಡಿಗೆಯನ್ನು ಹೊರಗಡೆ ಮೂರು ಕಲ್ಲಿನ ಮೇಲೆ ಮಾಡಿಕೊಳ್ಳತೊಡಗಿದರು.

ಹೀಗಿರುವಾಗ ಒಂದು ಮುಂಜಾನೆ ತಿಮ್ಮನಗೌಡರು ಬಂದರು. ಪಕ್ಕದ ಹಳ್ಳಿಯ ದೊಡ್ಡ ಮನೆತನದವರು, ನೇಮನಿಷ್ಠೆಯವರು, ಆಡಿದ ಮಾತಿಗೆ ತಪ್ಪದವರು. ಅವರ ಮಗಳು ಹಂಪಮ್ಮ ಹಿಂದಿನ ವರ್ಷ ಬೇರೆ ಕುಲದ ಒಬ್ಬ ದರ್ಜಿಯನ್ನು ಮದುವೆಯಾಗಿ ನದಿಯಾಚೆಯ ಊರಿಗೆ ಹೊರಟುಹೋಗಿದ್ದಳು. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತುವಂತಿರಲಿಲ್ಲ. ಈಗ ಗೌಡರು ಒಂದು ತೀರ್ಮಾನಕ್ಕೆ ಬಂದಿದ್ದರು. ಬದುಕಿರುವ ಮಗಳಿಗೆ ಉತ್ತರಕ್ರಿಯೆ ಮಾಡಿ, ಋಣ ಕಡಿದುಕೊಳ್ಳಬೇಕು. ಅದಕ್ಕೆ ತಾಯಿಯವರ ಕೈಯಿಂದ ವಿಭೂತಿ ಪಡೆಯಬೇಕು.

ಗುಡಿಸಿಲೊಳಗೆ ಕಾಲಿಟ್ಟವರೇ ಗೌಡರು ಶಲ್ಯದಿಂದ ಮೂಗು ಮುಚ್ಚಿಕೊಂಡರು. ತಾಯಿಯವರು ಗೂಡಿನ ಮುಂದೆ ಕುಳಿತಿದ್ದರು. ಬಾತುಕೋಳಿ ನೀರಿಗೆ ಹೋಗಿತ್ತು.

"ಬಾ ಗೌಡಾ. ಅದು ಬರೋದ್ರೊಳಗ ಮುಗಿಸಬೇಕು. ಈ ದೀಪ ಹಿಡಿ."

"ತಾಯೀ, ಏನಿದು ನಾತಾ! ತಮ್ಮಂಥವರು ಇವನ್ನೆಲ್ಲ ಮುಟ್ಟಬಾರದ್ರಿ. ಗೂಡೇ ಎತ್ತಿ ಹೊಳಿಗೆ ಒಗಸ್ತೀನಿ, ಬಿಡ್ರಿ."

"ನಾತ ಗೂಡಿಂದ ಬರ್ತೈತಿ ಅನ್ನೋದು ಖರೆ. ಯಾವ ತತ್ತಿದು ಅಂತ ನೋಡಬೇಕಲ್ಲ?"

ಗೌಡರು ಬೇರೆ ದಾರಿಯಿಲ್ಲದೆ ದೀಪ ಹಿಡಿದರು. ತಾಯಿಯವರು ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಒಂದೊಂದೇ ಮೊಟ್ಟೆಯನ್ನು ತೆಗೆದು, ಅಂಗೈ ಮಡಿಚಿ ಅದರ ಸಂದಿನಲ್ಲಿ ಬೆಳಕಿಗೆ ಹಿಡಿದರು. ಮೊದಲನೆಯದರೊಳಗೆ ಕೆಂಪು ನರಗಳು ಬೇರಿನ ಹಾಗೆ ಹಬ್ಬಿದ್ದವು; ನಡುವೆ ಏನೋ ಮಿಸುಕಿತು. ಗೌಡರು ತಮಗರಿವಿಲ್ಲದೆಯೇ ಮುಂದಕ್ಕೆ ಬಾಗಿದರು. ಶಲ್ಯ ಮೂಗಿನಿಂದ ಜಾರಿದ್ದೂ ಅವರಿಗೆ ತಿಳಿಯಲಿಲ್ಲ.

ಕೆಟ್ಟ ಮೊಟ್ಟೆಗಳೂ ಸಿಕ್ಕವು. ಒಳಗೆಲ್ಲ ಕದಡಿದ ನೀರು, ಚಿಪ್ಪಿನ ಮೇಲೆ ಬೆವರಿದಂಥ ಪಸೆ. ಒಡೆದರೆ ಉಳಿದವೂ ಹಾಳಾದಾವೆಂದು ತಾಯಿಯವರು ಅವನ್ನು ಉಸಿರು ಬಿಗಿಹಿಡಿದು ಎತ್ತಿ ಬೂದಿಯ ಬುಟ್ಟಿಯಲ್ಲಿಟ್ಟರು. ಪಕ್ಕದ ಮೊಟ್ಟೆಗೆ ತಗುಲಿದ್ದ ಕೊಳೆಯನ್ನು ತಮ್ಮ ಸೆರಗಿನಿಂದ ಒರೆಸಿದರು.

ಕೊನೆಗೊಂದು ಮೊಟ್ಟೆ ಉಳಿಯಿತು. ಬೆಳಕಿಗೆ ಹಿಡಿದರೆ ಮಬ್ಬು. ನರ ಕಾಣದು, ಮಿಸುಕಾಟವೂ ಇಲ್ಲ.

"ಇದೂ ಕೆಟ್ಟೈತ್ರಿ," ಎಂದರು ಗೌಡರು.

ತಾಯಿಯವರು ಅದನ್ನು ಮೂಸಿದರು, ಕಿವಿಗೆ ಹಿಡಿದರು, ಮತ್ತೆ ಬೆಳಕಿಗೆ ಹಿಡಿದರು. "ನಾತಿಲ್ಲ. ಒಳಗ ನೀರಾಡವಲ್ದು. ನನಗ ತಿಳೀವಲ್ದು ಗೌಡಾ. ತಿಳೀದಿದ್ದನ್ನ ತಾಯಿ ಹೊಟ್ಟಿ ಕೆಳಗಿಂದ ತೆಗೀಬಾರದು," ಎಂದು ಅದನ್ನು ಗೂಡಿನ ನಟ್ಟನಡುವೆ, ಹೆಚ್ಚು ಬೆಚ್ಚಗಿರುವ ಜಾಗದಲ್ಲಿಟ್ಟರು.

ಬಾತುಕೋಳಿ ಕುಂಟುತ್ತ ಮರಳಿ ಬಂತು. ಕೊಕ್ಕಿನಿಂದ ಮೊಟ್ಟೆಗಳನ್ನು ತಿರುವಿ, ಮೈಯಗಲಿಸಿ ಕೂತಿತು. ತಾಯಿಯವರು ಕೆಟ್ಟ ಮೊಟ್ಟೆಗಳನ್ನು ಹಿತ್ತಲಲ್ಲಿ ಆಳವಾಗಿ ಹೂತು, ಕೈ ತೊಳೆದು ಬಂದು ಕೇಳಿದರು: "ಈಗ ಹೇಳಪಾ. ಬಂದದ್ದೇನು?"

ಗೌಡರು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಹೇಳಿದರು. ಮನೆತನದ ಮಾನ, ನೆಂಟರ ನಗು, ಕೆಟ್ಟುಹೋದ ಮಗಳು. ತಾಯಿಯವರು ಕಡೆಯವರೆಗೂ ಕೇಳಿ, ಒಂದೇ ಮಾತು ಕೇಳಿದರು.

"ನಾ ತತ್ತಿ ನೋಡಿದೆ. ನೀ ಮಗಳನ್ನ ನೋಡೀಯೇನು?"

ಮಗಳು ಹೋದ ದಿನದಿಂದ ಅವಳ ಬಗೆಗೆ ಗೌಡರು ಕೇಳಿದ್ದೆಲ್ಲ ಬೇರೆಯವರ ಬಾಯಿಂದ. ಅವರು ಎದ್ದು ತಾಯಿಯವರ ಪಾದಕ್ಕೆ ಹಣೆಯಿಟ್ಟರು. ವಿಭೂತಿ ಕೇಳಲಿಲ್ಲ. ಊರಿನ ಕಡೆ ತಿರುಗದೆ ನೇರವಾಗಿ ಹರಿಗೋಲಿನ ಕಟ್ಟೆಗೆ ನಡೆದರು.

ನದಿಯಾಚೆಯ ಆ ಮನೆಯಲ್ಲಿ ಹಂಪಮ್ಮ ಅಂಗಳದಲ್ಲಿ ಕುಳಿತು ಸಜ್ಜೆ ಕೇರುತ್ತಿದ್ದಳು. ತಂದೆಯನ್ನು ಕಂಡು ಮೊರ ಕೈಯಲ್ಲೇ ಹಿಡಿದು ನಿಂತುಬಿಟ್ಟಳು. ಬಯ್ಯಲು ಬಂದರೋ, ಹೊಡೆಯಲು ಬಂದರೋ ಅವಳಿಗೆ ಗೊತ್ತಾಗಲಿಲ್ಲ. ಗೌಡರು ನೋಡಿದರು. ಸ್ವಲ್ಪ ಇಳಿದಿದ್ದಾಳೆ. ಹಣೆಯಲ್ಲಿ ವಿಭೂತಿ ಇದೆ. ಕಣ್ಣುಗಳು ಅವಳ ಅವ್ವನವೇ.

"ಅಪ್ಪಾ... ಬಿಸಿಲಾಗ ಬಂದೀರಿ. ಉಂಡೀರೇನು?"

"ಇಲ್ಲವ್ವಾ," ಎಂದರು ಗೌಡರು. ಅಳಿಯ ಹೊಲಿಗೆ ಬಿಟ್ಟು ಓಡಿಬಂದು ಕಾಲಿಗೆ ನೀರು ಕೊಟ್ಟ. ಗೌಡರು ಕಾಲು ತೊಳೆದು ಒಳಗೆ ಹೋಗಿ ಕುಳಿತರು.

ಸಂಜೆ ಊರು ತಲುಪಿದಾಗ ಮಡದಿ ಬಾಗಿಲಲ್ಲಿ ಕಾದಿದ್ದರು. ವಿಭೂತಿ ತಂದರೋ ಏನೋ ಎಂದು ಅವರ ಕಣ್ಣು ಗಂಡನ ಕೈಯನ್ನೇ ನೋಡುತ್ತಿತ್ತು. ಗೌಡರು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, ಏನೂ ಆಗಿಲ್ಲವೆಂಬಂತೆ ಹೇಳಿದರು:

"ನಿನ್ನ ಮಗಳಿಗೆ ಇನ್ನಾ ಮಜ್ಜಿಗಿಗೆ ಉಪ್ಪು ಹಾಕೋ ಹದ ಬಂದಿಲ್ಲ ನೋಡು. ಬರೋ ಸೋಮವಾರ ಇಬ್ಬರನ್ನೂ ಕರಿಸೀನಿ. ಕೂಡ್ರಿಸ್ಕೊಂಡು ಕಲಿಸು."