ನಿನ್ನೆ ಬೀಳದ ಏರಿ

"ಕೆರೆ ಏರೀಲಿ ಏಡಿ ತೂತು ಕೊರೆದದೆ. ಬೆರಳು ಹೋಗೋವಷ್ಟೇ ಅದೆ, ಮುಚ್ಚಿಬುಡಿ." ನನ್ನಾಕೆ ಚಿಕ್ಕತಾಯಮ್ಮ ಕೊನೆಗೆ ಆಡಿದ ಮಾತು ಇದು. ಮೊಮ್ಮಕ್ಕಳಿಗೆ ಅವಳು ಹೇಳುತ್ತಿದ್ದ ಕಥೆಯೂ ಒಂದು ಏಡಿಯದೇ.

ಆ ಏಡಿ ಏರಿಯಲ್ಲಿ ದಿನಾ ಒಂದು ಬಿಲ ತೋಡುತ್ತಿತ್ತು. ಏರಿ ಹೇಳಿತು: "ಸಾಕು ಮಾಡಪ್ಪ. ಈಚೆಗೆ ಮಳೆ ಹದ ತಪ್ಪಿದೆ, ಕೆರೆ ತುಂಬಿ ನಿಂತಿದೆ. ಇನ್ನು ನಾನು ತಡೆಯಲಾರೆ."

"ನಿನ್ನೆಯೂ ಹೀಗೇ ಅಂದೆ. ಬಿದ್ದೆಯಾ?"

"ಇಲ್ಲ."

"ಮೊನ್ನೆ?"

"ಮೊನ್ನೆಯೂ ಇಲ್ಲ."

"ಹಾಗಾದರೆ ಸುಮ್ಮನೆ ಮಲಗು, ಮುದುಕ" ಎಂದು ಏಡಿ ಇನ್ನೊಂದು ಬಿಲ ತೋಡಿತು.

ಆ ಬಿಲದಿಂದ ನೀರು ಹೊರಬಿತ್ತು. ಮೊದಲು ದಾರದಷ್ಟು, ಆಮೇಲೆ ತೊಡೆಗಾತ್ರ. ಏಡಿ ಹೆದರಿ ಮಣ್ಣು ತಂದು ಒತ್ತಿತು. ಒತ್ತಿದ ಮಣ್ಣನ್ನೂ ನೀರು ಹೊತ್ತೊಯ್ದಿತು.

"ಏರಿಯಣ್ಣಾ, ಇನ್ನು ಒಂದು ಬಿಲವನ್ನೂ ತೋಡುವುದಿಲ್ಲ. ನಿಲ್ಲು!"

"ಇನ್ನು ನೀನು ತೋಡಬೇಕಾಗಿಲ್ಲ ಕಣಪ್ಪ. ನೀರೇ ತೋಡಿಕೊಳ್ಳುತ್ತಿದೆ" ಎಂದಿತು ಏರಿ. ಅದೇ ಏರಿ ಆಡಿದ ಕೊನೆಯ ಮಾತು. ಏರಿ ಒಡೆದು ಕೆರೆ ಬರಿದಾಯಿತು. ಏಡಿ ಒಣಗಿದ ಕೆಸರಲ್ಲಿ ನೀರಿಗಾಗಿ ಕಾಯುತ್ತಾ ಕೂತಿತು.

ಇಷ್ಟು ಹೇಳಿ ಅವಳು ಮಕ್ಕಳನ್ನು ಮಲಗಿಸುತ್ತಿದ್ದಳು.

ತೂತಿನ ಮಾತು ಹೇಳಿ ಕಣ್ಣು ಮುಚ್ಚಿದ ಅವಳನ್ನು ಮಾರನೇ ಬೆಳಿಗ್ಗೆ ಮಣ್ಣು ಮಾಡಿದೆವು. ಎಲ್ಲರೂ ಮನೆ ಕಡೆ ತಿರುಗಿದರು. ನಾನು ಅವಳ ಗುಂಡಿ ತೋಡಿದ ಗುದ್ದಲಿಯನ್ನೇ ಹಿಡಿದು ಏರಿಗೆ ಹೋದೆ. ತೂತಿಗೆ ಕೈ ಹಾಕಿ ನೋಡಿದೆ. ಬೆರಳಲ್ಲ, ಮುಷ್ಟಿ ಹೋಯಿತು. ಜೇಡಿಮಣ್ಣು ಅಗೆದು ತುಂಬತೊಡಗಿದೆ.